ಬಾನೆಟ್ಟಿನ ಮೇಲೆ ಹಲಸಿನ ಹಪ್ಪಳ

ಬಣ್ಣಕ್ಕೆ ಬೆರೆಸುವ ಥಿನ್ನರಿನ ವಾಸನೆ ಬಂದರೆ ನನಗೆ ಹಲಸಿನ ಹಪ್ಪಳ ನೆನಪಾಗುತ್ತದೆ. ಹಾಗೆಂದು ಬಾಯಲ್ಲಿ ನೀರೂರುವುದಿಲ್ಲ. ಕಳೆದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಬಣ್ಣ ಹೊಡೆಯುತ್ತಿದ್ದರು. ಆಫೀಸಿನಿಂದ ಬಂದವಳು ಲಿಫ್ಟಿನವರೆಗೂ ಹೋಗಲಾಗದೆ ಮೆಟ್ಟಿಲ ಬುಡದಲ್ಲಿ ನಿಂತುಬಿಟ್ಟೆ. ಈ ಕಟ್ಟಡ ಇರುವಲ್ಲೇ, ಕುಲಶೇಖರದ ಈ ಇಳಿಜಾರಿನಲ್ಲಿ, ನನ್ನ ತಾಯಿಯ ತಾಯಿಯ ಹೆಂಚಿನ ಮನೆ ಇತ್ತು. ಗೇಟು ಇರುವಲ್ಲಿ ಅಂಗಳವಿತ್ತು. ಬೇಸಿಗೆಯಲ್ಲಿ ಆ ಅಂಗಳದ ತುಂಬ ಎರಡೇ ವಾಸನೆ: ಒಂದು ಬದಿಯಿಂದ ಅಮ್ಮ ಬೇಯಿಸಿ ರುಬ್ಬಿದ ಹಲಸಿನ ಸೊಳೆ, ಮೆಣಸು, ಕೊತ್ತಂಬರಿ, ಇನ್ನೊಂದು ಬದಿಯಿಂದ ಅಪ್ಪನ ಕಾರಿನ ಥಿನ್ನರು. ಆ ವಾಸನೆಗಳೂ ಒಂದನ್ನೊಂದು ಸಹಿಸುತ್ತಿರಲಿಲ್ಲ, ಅವುಗಳ ಹಿಂದಿದ್ದ ಇಬ್ಬರ ಹಾಗೆಯೇ.

ಅದು ಅಮೆರಿಕದ ಹಳೆಯ ಓಪನ್ ಕಾರು. ದೋಣಿಯಂಥ ಉದ್ದದ ಬಾನೆಟ್ಟು, ಎಡಗಡೆ ಸ್ಟೇರಿಂಗು, ಎಂಟು ಸಿಲಿಂಡರಿನ ಇಂಜಿನು, ಮಡಚಿ ಹಿಂದಕ್ಕೆ ಹಾಕುವ ಕ್ಯಾನ್ವಾಸಿನ ಮಾಡು, ಎಂದರೆ ಛಾವಣಿ, ಅದೂ ಹರಿದದ್ದು. ಪಣಂಬೂರಿನಲ್ಲಿ ಬಂದರು ಕಟ್ಟುವ ಕಾಲಕ್ಕೆ ಬಂದಿದ್ದ ಯಾರೋ ವಿದೇಶಿ ಇಂಜಿನಿಯರ್ ಬಿಟ್ಟುಹೋದದ್ದಂತೆ. ಅಲ್ಲಿಯೇ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಅಪ್ಪ ಅದನ್ನು ಗುಜರಿಯಿಂದ ಬಿಡಿಸಿ ತಂದಾಗ ನಾನು ಎರಡನೆಯ ಕ್ಲಾಸಿನಲ್ಲಿದ್ದೆ. ಲಾರಿಯಿಂದ ಇಳಿಸುವುದನ್ನು ಅಜ್ಜಿ ಜಗಲಿಯ ಕಂಬ ಹಿಡಿದು ನೋಡಿದಳು. ಅಳಿಯನಿಗೆ ನೇರ ಹೇಳುವ ಕ್ರಮವಿಲ್ಲ, ಅವರಿಗೆ ಕೇಳುವಷ್ಟು ಗಟ್ಟಿಯಾಗಿ ನನ್ನ ಹತ್ತಿರ ಹೇಳಿದಳು: "ಮಾಡಿಲ್ಲದ ಕಾರಿಗೆ ಈ ಊರಲ್ಲಿ ಎಂತ ಕೆಲಸ ಮಗಾ? ಮಳೆಗಾಲದಲ್ಲಿ ಮೀನು ಸಾಕ್ಲಿಕ್ಕಾ?"

ಹಳೆಯ ಕಾರುಗಳನ್ನು ಪ್ರೀತಿಸುವವರು ಕ್ಷಮಿಸಬೇಕು, ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಅಪ್ಪ ಪಾಳಿ ಮುಗಿಸಿ ಬಂದು, ಚಹಾವನ್ನು ನಿಂತೇ ಕುಡಿದು, ಅದರ ಅಡಿಗೆ ಮಲಗುತ್ತಿದ್ದರು. ತುಕ್ಕು ಉಜ್ಜಿದ ಜಾಗದ ಮೇಲೆ ಅಂಗೈ ಆಡಿಸುತ್ತಿದ್ದ ಅವರ ಮೃದುತನವನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಯಾವ ಬೋಲ್ಟಿಗೆ ಯಾವ ಸ್ಪ್ಯಾನರ್ ಎಂದು ಕತ್ತಲಲ್ಲೂ ಗೊತ್ತಿತ್ತು. ಮಗಳು ಯಾವ ಕ್ಲಾಸು ಎಂದು ಯಾರಾದರೂ ಕೇಳಿದರೆ ಅಮ್ಮನ ಮುಖ ನೋಡುತ್ತಿದ್ದರು. ಇಂಜಿನು ಮೊದಲ ಸಲ ಸ್ಟಾರ್ಟ್ ಆದ ದಿನ ಕೋಳಿಗಳು ಹಾರಿ ಪಕ್ಕದ ಮನೆ ಸೇರಿದವು. ಅಪ್ಪ ನಕ್ಕರು. ನಗುವಾಗ ನಮ್ಮ ಯಾರ ಕಡೆಗೂ ತಿರುಗಲಿಲ್ಲ.

ನಿಜವಾದ ಯುದ್ಧ ಬಿಸಿಲಿನದು. ನಮ್ಮಲ್ಲಿ ಬಣ್ಣದ ಕೆಲಸಕ್ಕೆ ಒಣ ಹವೆ ಸಿಗುವುದೂ ಹಪ್ಪಳಕ್ಕೆ ಬಿಸಿಲು ಸಿಗುವುದೂ ಅದೇ ಏಪ್ರಿಲ್ ತಿಂಗಳಲ್ಲಿ, ಅದೇ ಅಂಗಳದಲ್ಲಿ. ಅಮ್ಮನ ಹಪ್ಪಳ ಮುಂಬೈಯಲ್ಲಿದ್ದ ಚಿಕ್ಕಮ್ಮಂದಿರಿಗೆ, ದುಬೈಯಲ್ಲಿದ್ದ ಮಾವನಿಗೆ ವರ್ಷವರ್ಷವೂ ಹೋಗುತ್ತಿತ್ತು. ಆ ಮನೆಯಲ್ಲಿ ಅವಳ ಹೆಸರಿನಲ್ಲಿದ್ದ ಕೆಲಸವೆಂದರೆ ಅದೊಂದೇ. ಕಾರು ಬಂದ ಮೇಲೆ ಅವಳ ಚಾಪೆಗಳು ಒಂದೊಂದೇ ಹಿಂದೆ ಸರಿದು ಬಾವಿಕಟ್ಟೆಯ ನೆರಳಿಗೆ ತಾಗಿದವು. ಅಲ್ಲಿಗೂ ಅಪ್ಪ ಉಜ್ಜಿದ ಪುಡಿ ಹಾರಿ ಬಂತು.

"ನಿಮ್ಮ ಕಾರಿಗೆ ಬಿಸಿಲು ಬೇಕು, ನನ್ನ ಹಪ್ಪಳಕ್ಕೆ ಬೇಡ್ವಾ?" ಎಂದಳು ಅಮ್ಮ.

"ಹಪ್ಪಳ ಅಂಗಡಿಯಲ್ಲಿ ಸಿಗ್ತದೆ. ಈ ಕಾರು ಎಲ್ಲಿ ಸಿಗ್ತದೆ, ಹೇಳು ನೋಡುವ?"

"ಯಾರಿಗೂ ಬೇಡದ್ದು ಎಲ್ಲಿಯೂ ಸಿಗುವುದಿಲ್ಲ."

ನಾನು ಐದನೆಯ ಕ್ಲಾಸಿನಲ್ಲಿದ್ದ ವರ್ಷ ಅಪ್ಪ ಒಂದು ಬೆಳಿಗ್ಗೆ ಬಾನೆಟ್ಟನ್ನು ಬೆಳ್ಳಗೆ ತಗಡು ಕಾಣುವವರೆಗೆ ಉಜ್ಜಿ, ಮರುದಿನ ಪ್ರೈಮರ್ ಹಾಕುವುದೆಂದು ಹೇಳಿ, ಮಧ್ಯಾಹ್ನದ ಪಾಳಿಗೆ ಹೋದರು. ಅಮ್ಮನ ಹಿಟ್ಟು ಆಗಲೇ ಹುಳಿಯಾಗುವುದರಲ್ಲಿತ್ತು. ಅಂಗಳದಲ್ಲಿ ನೆರಳಿಲ್ಲದ ಜಾಗವೆಂದರೆ ಆ ತಗಡೊಂದೇ. ಮುಟ್ಟಿ ನೋಡಿದಳು, ಕಾವಲಿಯ ಹಾಗೆ ಕಾದಿತ್ತು. ತೆಳುವಾದ ಹಳೆಯ ಸೀರೆ ಹಾಸಿ, ಹಸಿ ಹಪ್ಪಳಗಳನ್ನು ಸಾಲಾಗಿ ಹರಡಿದಳು. ಅವು ಸಂಜೆಯೊಳಗೆ ಗರಿಗರಿಯಾದವು. "ಇಷ್ಟು ವರ್ಷಕ್ಕೆ ಇದರಿಂದ ಒಂದು ಉಪಕಾರ ಆಯ್ತು" ಎಂದು ಅಮ್ಮ ಅಜ್ಜಿಗೆ ಹೇಳಿದ್ದು ನನಗೆ ನೆನಪಿದೆ. ಅಪ್ಪ ಬರುವ ಮೊದಲು ಒದ್ದೆ ಬಟ್ಟೆಯಿಂದ ಬಾನೆಟ್ಟನ್ನು ನೀಟಾಗಿ ಒರೆಸಿದಳು. ಒಂದು ಮೆಣಸಿನ ಚೂರೂ ಉಳಿಯದ ಹಾಗೆ ಒರೆಸಿದ್ದನ್ನೂ ನೋಡಿದ್ದೇನೆ.

ಅಪ್ಪ ಬಣ್ಣ ಹೊಡೆದರು. ಕಡುಗೆಂಪು. ಬೀದಿಯವರೆಲ್ಲ ಬಂದು ಅದರ ಹೊಳಪಿನಲ್ಲಿ ಮುಖ ನೋಡಿಕೊಂಡು ಹೋದರು. ಮಳೆ ಹಿಡಿದು ಆಷಾಢ ಕಳೆಯುವಷ್ಟರಲ್ಲಿ ಆ ಕೆಂಪಿನ ಅಡಿಯಿಂದ ಗುಳ್ಳೆಗಳೆದ್ದವು. ಅಲ್ಲಲ್ಲಿ ಅಲ್ಲ, ಉರುಟುರುಟಾಗಿ, ಸಾಲಾಗಿ, ಹಪ್ಪಳದ್ದೇ ಅಳತೆಯಲ್ಲಿ. ಹಸಿ ಹಪ್ಪಳದಿಂದ ಸೀರೆಗೆ ಇಳಿದ ಉಪ್ಪುನೀರು, ಒರೆಸಿದರೂ ಹೋಗದೆ, ತಗಡಿನಲ್ಲಿ ಕೂತು ಮಳೆಗಾಗಿ ಕಾದಿತ್ತು. ಅಪ್ಪ ಒಂದೊಂದು ಗುಳ್ಳೆಯ ಸುತ್ತಲೂ ಬೆರಳಾಡಿಸಿದರು. ಅಮ್ಮ ಬಾಗಿಲಿಗೆ ಬಂದಳು, ನೋಡಿದಳು, ಅವಳಿಗೆ ನಗು ತಡೆಯಲಾಗಲಿಲ್ಲ. ಅಜ್ಜಿಯೂ ನಕ್ಕಳು.

"ಬೇಕೂಂತಲೇ ಮಾಡಿದ್ದಾ?" ಅಪ್ಪ ಕೇಳಿದರು. ಸ್ವರ ಏರಿಸಲಿಲ್ಲ.

ಅಮ್ಮ ಅಲ್ಲ ಎನ್ನಬಹುದಿತ್ತು. ಅಲ್ಲ ಎನ್ನುವುದೇ ಸತ್ಯವಾಗಿತ್ತು. "ಹೌದು" ಎಂದಳು. "ಬೇಕೂಂತಲೇ."

ಆ ವಾರವೇ ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಹೋಗಿ ಅಪ್ಪ ಬಿಕರ್ನಕಟ್ಟೆಯಲ್ಲಿ ಒಂದು ಶೆಡ್ಡು ಹಿಡಿದರು. ಮೊದಮೊದಲು ಊಟಕ್ಕೆ ಬರುತ್ತಿದ್ದರು. ಆಮೇಲೆ ಬಟ್ಟೆ ಬದಲಿಸಲು. ಆಮೇಲೆ ಬರಲಿಲ್ಲ. ನಡೆದು ಹೋಗಬಹುದಾದ ದೂರದಲ್ಲಿ ಇಬ್ಬರು ಮನುಷ್ಯರು ಒಬ್ಬರ ಮುಖ ಒಬ್ಬರು ನೋಡದೆ ಬದುಕುವುದು ಎಷ್ಟು ಸುಲಭ ಎನ್ನುವುದು ನನಗೆ ಗೊತ್ತಾದದ್ದು ಹಾಗೆ. ಕಾಲೇಜಿಗೆ ಹೋಗುವ ದಿನಗಳಲ್ಲಿ ಒಮ್ಮೆ ಶೆಡ್ಡಿನಲ್ಲಿ ನಿಂತು, ಅಮ್ಮ ಬೇಕೆಂದು ಮಾಡಿದ್ದಲ್ಲ ಎಂದು ಹೇಳಿದೆ. ಅಪ್ಪ ಕಾರ್ಬ್ಯುರೇಟರಿನಿಂದ ತಲೆ ಎತ್ತಲಿಲ್ಲ.

"ಗೊತ್ತುಂಟು. ಅವಳಿಗೆ ಹಾಗೆಲ್ಲ ಮಾಡ್ಲಿಕ್ಕೆ ಬರುವುದಿಲ್ಲ. ಆದರೆ ಹೌದು ಅಂದಳಲ್ಲ."

ಅಷ್ಟೇ. ಗೊತ್ತಿದ್ದೂ ಅವರು ವಾಪಸು ಬರಲಿಲ್ಲ. ಅದನ್ನು ನಾನು ಕ್ಷಮಿಸಿಲ್ಲ. ನಕ್ಕ ಅಮ್ಮನನ್ನೂ ಪೂರ್ತಿ ಕ್ಷಮಿಸಿಲ್ಲ. ನಿಮ್ಮ ಮನೆಯಲ್ಲೂ ಯಾರಾದರೂ ಇಂಥದೊಂದು ಮಾತು ಆಡಿಬಿಟ್ಟಿದ್ದರೆ, ಅದು ಹೆಂಚು, ಗೋಡೆ, ಅಂಗಳ ಎಲ್ಲಕ್ಕಿಂತ ಗಟ್ಟಿ ಎಂದು ನಿಮಗೂ ಗೊತ್ತಿರುತ್ತದೆ.

ಅಜ್ಜಿ ಹೋದಳು, ಮನೆ ಉರುಳಿತು, ಕಟ್ಟಡ ಎದ್ದಿತು, ಅದರಲ್ಲೊಂದು ಫ್ಲ್ಯಾಟು ಅಮ್ಮನಿಗೂ ನನಗೂ ಸಿಕ್ಕಿತು. ಅಪ್ಪ ತೀರಿಕೊಂಡ ಮೇಲೆ ಕಾರು ನನ್ನ ಪಾಲಿಗೆ ಬಂತು, ಮಾಡಿನ ಕೆಲಸ ಅರ್ಧಕ್ಕೇ ನಿಂತ ಸ್ಥಿತಿಯಲ್ಲಿ. ಅದನ್ನು ಪೂರ್ತಿ ಮಾಡಿಸಿದ್ದು ಪ್ರೀತಿಯಿಂದಲ್ಲ. ಬಿಚ್ಚಿಟ್ಟ ಕಾರನ್ನು ಯಾರೂ ಕೊಳ್ಳುವುದಿಲ್ಲ. ಕ್ಯಾನ್ವಾಸು ಹೊಲಿಸಿ, ಸೀಟಿಗೆ ರೆಕ್ಸಿನ್ ಹಾಕಿಸಿ, ನಮ್ಮ ಬಾಲ್ಕನಿಯ ಕೆಳಗೆ ತಂದು ನಿಲ್ಲಿಸಿದೆ. ಅಮ್ಮ ಒಂದು ದಿನವೂ ಕೆಳಗಿಳಿಯಲಿಲ್ಲ. ಆದರೆ ದಿನಾ ಬೆಳಿಗ್ಗೆ ಬಾಲ್ಕನಿಗೆ ಬಂದು ಅದನ್ನು ಬೈಯುತ್ತಿದ್ದಳು. ಅಡ್ಡ ನಿಂತಿದೆ ಎಂದು, ಎಣ್ಣೆ ಸುರಿಸುತ್ತದೆ ಎಂದು, ಎಲ್ಲಿ ಹೋದರೂ ಬೆನ್ನು ಬಿಡುವುದಿಲ್ಲ ಎಂದು. ಆ ಹೊತ್ತಿನಲ್ಲಿ ಅವಳ ಸ್ವರಕ್ಕೆ ಹಳೆಯ ಅಂಗಳದ ಕಸುವು ಬರುತ್ತಿತ್ತು.

ಕೊಳ್ಳಲು ಉಡುಪಿಯಿಂದ ಒಬ್ಬರು ಬಂದರು. ಮೇಲೆ ಚಹಾ ಕುಡಿಯುತ್ತಾ, "ನಿಮ್ಮ ತಂದೆ ಎಂಥ ತಾಳ್ಮೆಯ ಮನುಷ್ಯ ಮಾರಾಯ್ರೆ!" ಎಂದರು.

"ತಾಳ್ಮೆಯಾ?" ಎಂದು ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಳು. "ತಾಳ್ಮೆ ಎಲ್ಲ ತಗಡಿಗೆ. ಮನುಷ್ಯರಿಗೆ ಎಂತ ಇತ್ತು ಕೇಳಿ." ಅವರು ಕೇಳಿರಲಿಲ್ಲ, ಅವಳು ಹೇಳಿದಳು. ಚಹಾ ತಣಿಯಿತು. ಅಪ್ಪನ ಬಗ್ಗೆ ಅವಳು ಅಷ್ಟು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಕಾರು ಹೋಯಿತು. ಆ ಜಾಗದಲ್ಲಿ ಈಗ ಯಾರದೋ ಸ್ಕೂಟರ್ ನಿಲ್ಲುತ್ತದೆ, ಅದೂ ಅಡ್ಡವಾಗಿ. ಅಮ್ಮ ಬಾಲ್ಕನಿಗೆ ಬರುತ್ತಾಳೆ, ಬಟ್ಟೆ ಹರವುತ್ತಾಳೆ, ಒಳಗೆ ಹೋಗುತ್ತಾಳೆ. ಸ್ಕೂಟರಿಗೆ ಅವಳು ಏನೂ ಹೇಳುವುದಿಲ್ಲ.