ದೇವಕಿಗೆ ಕಟ್ಟಬೇಕಿದ್ದ ಮೆಷಿನ್

ಹೋದ ವರ್ಷ ಸೋಣ ತಿಂಗಳು, ಚೌತಿಗೆ ಇನ್ನೂ ಒಂದು ವಾರ ಇತ್ತು. ನನ್ನ ವಾರಗಿತ್ತಿ ದೇವಕಿ ಬಟ್ಟೆ ಒಗೆಯುವಲ್ಲಿ ತಲೆ ತಿರುಗಿ ಕುಸಿದು ಕೂತಳು. ಎದೆಯ ಮೇಲೆ ಯಾರೋ ಭಾರ ಇಟ್ಟ ಹಾಗೆ ಆಗುತ್ತದೆ ಎಂದಳು. ನನ್ನ ಮಗ ರಿಕ್ಷಾ ಓಡಿಸುತ್ತಾನೆ. ಅದರಲ್ಲೇ ಕಾಣಿಯೂರಿನಿಂದ ಪುತ್ತೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಜೊತೆಗೆ ನಿಲ್ಲಲು ನಾನು ಹೋದೆ. ನಮ್ಮಿಬ್ಬರಿಗೆ ಅಷ್ಟಾಗಿ ಸರಿಬರುವುದಿಲ್ಲ. ಆದರೆ ಅವಳ ಮಗಳು ಗಂಡನ ಮನೆಯಿಂದ ಬರುವಾಗ ಸಂಜೆಯಾಗುತ್ತದೆ, ನನ್ನ ಸೊಸೆಗೆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ. ಮನೆಯಲ್ಲಿ ಬೀಡಿ ಕಟ್ಟುವವಳು ನಾನು, ಒಂದು ದಿನ ಬಿಟ್ಟರೂ ಕೇಳುವವರಿಲ್ಲ.

ಡಾಕ್ಟರರು ಪರೀಕ್ಷೆ ಮಾಡಿ, "ಒಂದು ದಿನ ಮಲಗಿ. ಮೆಷಿನ್ ಕಟ್ಟಿ ಹೃದಯ ಹೇಗೆ ಹೊಡೆಯುತ್ತದೆ ಅಂತ ನೋಡುವ. ನೋಡದೆ ಮದ್ದು ಕೊಡಲಿಕ್ಕೆ ಆಗುದಿಲ್ಲ" ಎಂದು ಹೇಳಿ ಹೋದರು. ಎರಡು ಮಂಚದ ಕೋಣೆ ಕೊಟ್ಟರು. ಮೆಷಿನ್ ಎಂದು ಕೇಳಿದ್ದೇ ದೇವಕಿ ಮಂಚದಿಂದ ಕಾಲು ಕೆಳಗಿಟ್ಟಳು.

"ನನಗೆ ಅದು ಬೇಡ. ನಾನು ಮನೆಗೆ ಹೋಗುದು."

ಕಾರಣ ನನಗೆ ಗೊತ್ತಿತ್ತು. ಅವಳ ಗಂಡ, ಅಂದರೆ ನನ್ನ ಮೈದುನ, ಎದೆನೋವಿನಿಂದ ಆಸ್ಪತ್ರೆ ಸೇರಿದಾಗ ಅವನಿಗೂ ಅದನ್ನು ಕಟ್ಟಿದ್ದರು. ಅದರ ಗೆರೆ ನೋಡುತ್ತಾ ಕೂತಿದ್ದ ಇವಳ ಎದುರೇ ಅವನು ಹೋದ. ಮೆಷಿನೇ ಅವನನ್ನು ಕೊಂಡುಹೋಯಿತು ಎಂದು ಅಂದಿನಿಂದ ಇವಳ ಮನಸ್ಸಿನಲ್ಲಿ ಕೂತುಬಿಟ್ಟಿದೆ.

"ಅವ ಹೋದದ್ದು ಮೆಷಿನಿನಿಂದ ಅಲ್ಲ ಮಾರಾಯ್ತಿ. ಗ್ಯಾಸ್ ಅಂತ ಹೇಳಿ ಸೋಡಾ ಕುಡಿದು ಮನೆಯಲ್ಲೇ ಕೂತದ್ದರಿಂದ," ಎಂದೆ.

"ನಿಮಗೆ ಹೇಳಲಿಕ್ಕೆ ಎಂತ ಅಕ್ಕ? ಕಟ್ಟುದು ನನಗಲ್ವ?"

ಸಿಸ್ಟರ್ ಬಂದು ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. ಆಮೇಲೆ ಅವರ ಜೊತೆ ಒಂದು ಹುಡುಗಿ ಬಂದಳು. ಆಸ್ಪತ್ರೆಯ ಮೆಷಿನುಗಳು ಸರಿ ಉಂಟೋ ಎಂದು ಆಗಾಗ ಬಂದು ಪರೀಕ್ಷೆ ಮಾಡಿ ಹೋಗುವವಳಂತೆ. ದೇವಕಿಗೆ ಕಟ್ಟಬೇಕಿದ್ದ ಮೆಷಿನನ್ನೇ ಮೇಜಿನ ಮೇಲಿಟ್ಟು ಕೆಲಸ ಶುರು ಮಾಡಿದಳು. ಮೇಲೆ ಹಿಡಿ ಇರುವ, ಕೈಯಲ್ಲಿ ಎತ್ತಿಕೊಂಡು ಹೋಗುವಂಥ ಚಿಕ್ಕ ಮೆಷಿನ್. ವಯರುಗಳನ್ನು ಒಂದೊಂದಾಗಿ ಬಗ್ಗಿಸಿ ಎಲ್ಲಾದರೂ ಒಡೆದಿದೆಯೋ ನೋಡಿದಳು. ಕರೆಂಟು ತಪ್ಪಿಸಿ ಬ್ಯಾಟರಿಯಲ್ಲಿ ನಡೆಸಿ ನೋಡಿದಳು. ಬೇಕೆಂದೇ ಒಂದು ವಯರು ಕಿತ್ತು ಅದು ಕೂಗುವ ಹಾಗೆ ಮಾಡಿದಳು. ದೇವಕಿ ಕಿವಿ ಮುಚ್ಚಿಕೊಂಡಳು. ಕೊನೆಗೆ ವಯರುಗಳನ್ನು ಒಂದು ಸಣ್ಣ ಪೆಟ್ಟಿಗೆಗೆ ಸಿಕ್ಕಿಸಿದಾಗ ಸ್ಕ್ರೀನಿನಲ್ಲಿ ಹಸಿರು ಗೆರೆ ಎದ್ದು ಬಿದ್ದು ಓಡತೊಡಗಿತು.

"ಆ ಪೆಟ್ಟಿಗೆಗೂ ಹೃದಯ ಉಂಟಾ?" ಎಂದು ಕೇಳಿದೆ.

ಹುಡುಗಿ ನಕ್ಕಳು. "ಇಲ್ಲ ಅಜ್ಜಿ, ಅದು ಹೃದಯದ ಹಾಗೆ ನಾಟಕ ಮಾಡುದು. ಗೆರೆ ಸರಿ ಬಂದರೆ ಮೆಷಿನ್ ಸರಿ ಉಂಟು ಅಂತ."

"ಕೇಳಿತಾ? ಸರಿ ಉಂಟಂತೆ," ಎಂದೆ ದೇವಕಿಗೆ.

"ಪೆಟ್ಟಿಗೆಗೆ ಸಾಯ್ಲಿಕ್ಕೆ ಉಂಟಾ? ಅದಕ್ಕೆ ಎಂತ ಹೆದರಿಕೆ?"

ನನಗೆ ಸಿಟ್ಟು ಬಂತು. ಮದ್ದಿಲ್ಲದೆ ಮನೆಗೆ ಹೋಗಿ ಇನ್ನೊಮ್ಮೆ ಬಿದ್ದರೆ, ಅದೇ ಕೊನೆಯದೂ ಆಗಬಹುದು. ಸಿಸ್ಟರಿಗೆ, "ಅದನ್ನು ಮೊದಲು ನನಗೆ ಕಟ್ಟಿ. ಇವಳು ನೋಡಲಿ" ಎಂದೆ. ಅವರಿಗೂ ಬೆಳಗ್ಗಿನಿಂದ ಇವಳ ಹತ್ತಿರ ಮಾತಾಡಿ ಸಾಕಾಗಿತ್ತು. ಬಾಗಿಲು ಹಾಕಿ, ಖಾಲಿ ಮಂಚದಲ್ಲಿ ನನ್ನನ್ನು ಕೂರಿಸಿ, ಎದೆಗೆ ಅಂಟಿನ ಬಿಲ್ಲೆ ಹಚ್ಚಿ ವಯರು ಸಿಕ್ಕಿಸಿದರು.

"ನೋಡು, ಸತ್ತೆನಾ ನಾನು?" ಎಂದೆ.

ಗೆರೆ ಎದ್ದಿತು, ಬಿದ್ದಿತು, ಮತ್ತೆ ಉದ್ದಕ್ಕೆ ಮಲಗಿತು. ಸ್ವಲ್ಪ ತಡೆದು ಪುನಃ ಎದ್ದಿತು. ಮೆಷಿನ್ ಕೂಗಿತು.

"ನೋಡಿ, ಅದೇ ಹಾಳಾಗಿದೆ. ಅದನ್ನು ನನಗೆ ಕಟ್ಟಲಿಕ್ಕೆ ಹೊರಟದ್ದು," ಎಂದಳು ದೇವಕಿ. ಗೆದ್ದ ಸಂತೋಷ ಅವಳಿಗೆ.

ಹುಡುಗಿ ಬೇರೆ ವಯರು ಹಾಕಿದಳು. ಸಿಸ್ಟರ್ ಬೇರೆ ಬಿಲ್ಲೆ ಹಚ್ಚಿದರು. ಅದೇ ಗೆರೆ. ಪೆಟ್ಟಿಗೆಗೆ ಸಿಕ್ಕಿಸಿದರೆ ಸರಿಯಾಗಿ ಓಡುತ್ತದೆ, ನನಗೆ ಸಿಕ್ಕಿಸಿದರೆ ನಿಂತು ನಿಂತು ಹೋಗುತ್ತದೆ. ಸಿಸ್ಟರ್ ನನ್ನ ಕೈ ಹಿಡಿದು ನಾಡಿ ನೋಡಿದರು. ಆಮೇಲೆ ಮೆತ್ತಗೆ, "ಅಜ್ಜಿ, ನೀವು ಮಲಗಿ" ಎಂದರು.

"ನಾನು ಪೇಷಂಟ್ ಅಲ್ಲ, ಜೊತೆಗೆ ಬಂದವಳು."

"ಗೊತ್ತುಂಟು. ಮಲಗಿ."

ಡಾಕ್ಟರರು ಓಡಿಬಂದರು. ಕಣ್ಣಿಗೆ ಕತ್ತಲೆ ಬರುವುದುಂಟಾ ಎಂದು ಕೇಳಿದರು. ಬರುತ್ತಿತ್ತು. ಬೀಡಿ ಕಟ್ಟುವಾಗ ಕತ್ತರಿ ಕೈಯಿಂದ ಜಾರಿ ಬೀಳುತ್ತಿತ್ತು. ಪ್ರಾಯ ಆಯಿತು, ತೂಕಡಿಕೆ ಎಂದುಕೊಂಡಿದ್ದೆ. ಡಾಕ್ಟರರು, ಅದು ತೂಕಡಿಕೆ ಅಲ್ಲ, ಹೃದಯವೇ ನಡುನಡುವೆ ನಿಲ್ಲುತ್ತದೆ, ಯಾವಾಗ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಹೇಳಲು ಬರುವುದಿಲ್ಲ, ಮಂಗಳೂರಿಗೆ ಹೋಗಿ ಪೇಸ್‌ಮೇಕರ್ ಹಾಕಿಸಬೇಕು ಎಂದರು. ಅಲ್ಲಿ ಹಾಸಿಗೆ ಸಿಗುವವರೆಗೆ ಮೆಷಿನ್ ಬಿಡಿಸದೆ ಇಲ್ಲೇ ಮಲಗಬೇಕು.

ಆಗ ನನಗೆ ಹೆದರಿಕೆ ಹಿಡಿಯಿತು. ಸ್ಕ್ರೀನಿನ ಕಡೆ ಮುಖ ತಿರುಗಿಸಲೂ ಆಗಲಿಲ್ಲ. ದೇವಕಿಗೆ, "ನೀನು ಹೋಗು. ಮಗ ಕೆಳಗೆ ರಿಕ್ಷಾದಲ್ಲಿದ್ದಾನೆ" ಎಂದೆ.

ಅವಳು ಹೋಗಲಿಲ್ಲ. ನನ್ನ ಗೆರೆಯನ್ನೇ ನೋಡುತ್ತಾ ನಿಂತಳು. ಮೈದುನನ ಗೆರೆ ನೋಡಿದ ಕಣ್ಣು ಅದು. ಆಮೇಲೆ ತನ್ನ ಮಂಚ ಹತ್ತಿ ಮಲಗಿ, "ಸಿಸ್ಟರ್, ನನಗೂ ಒಂದು ತನ್ನಿ" ಎಂದಳು.

"ನೀನು ಬೇಡ ಅಂದದ್ದಲ್ವ?" ಎಂದೆ.

"ಕಟ್ಟಿಸಿಕೊಳ್ಳದಿದ್ದರೆ ನನ್ನನ್ನು ಇಲ್ಲಿ ಇಟ್ಟುಕೊಳ್ತಾರಾ? ನೀವು ಒಬ್ಬರೇ ಅದರ ಬಾಯಿಗೆ ಬೀಳುದಾ? ಸುಮ್ಮನೆ ಮಲಗಿ ಅಕ್ಕ. ನಿಮ್ಮ ಮಾತಿಗೆ ಗೆರೆ ಹಾಳಾಗ್ತದೆ."

ಸಿಸ್ಟರ್ ವಯರು ಸಿಕ್ಕಿಸುವಾಗ ಅವಳು ನಡುಗುವುದಕ್ಕೆ ಮಂಚವೇ ಸದ್ದು ಮಾಡುತ್ತಿತ್ತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ನಾನು ಮಂಗಳೂರಿಗೆ ಹೊರಡುವವರೆಗೂ ಅದನ್ನು ಬಿಡಿಸಿಕೊಳ್ಳಲಿಲ್ಲ.

ಅವಳಿಗೆ ರಕ್ತ ಕಡಿಮೆಯಾಗಿತ್ತು, ಹೃದಯದಲ್ಲಿ ತೊಂದರೆ ಇರಲಿಲ್ಲ. ಮಾತ್ರೆಯಲ್ಲಿ ಗುಣವಾಯಿತು. ನನಗೆ ಪೇಸ್‌ಮೇಕರ್ ಹಾಕಿದರು. ಈಗ ಕತ್ತರಿ ಕೈಯಿಂದ ಬೀಳುವುದಿಲ್ಲ.

ನಾನು ಧೈರ್ಯದಿಂದ ಮೆಷಿನ್ ಕಟ್ಟಿಸಿಕೊಂಡದ್ದರಿಂದ ಬದುಕಿದೆ ಎಂದು ಊರಿನವರು ಹೇಳುತ್ತಾರೆ. ಕಟ್ಟಿಸಿಕೊಳ್ಳುವಾಗ ನನಗೆ ಹೆದರಿಕೆಯೇ ಇರಲಿಲ್ಲ, ಮತ್ತೆ ಧೈರ್ಯ ಎಲ್ಲಿಂದ ಬಂತು? ನಡುಗಿಕೊಂಡೇ ಕಟ್ಟಿಸಿಕೊಂಡವಳು ದೇವಕಿ. ಈ ಮಾತನ್ನು ಅವಳ ಮುಖಕ್ಕೆ ಇನ್ನೂ ಹೇಳಿಲ್ಲ. ಹೇಳಿದರೆ ಅವಳನ್ನು ಹಿಡಿಯಲಿಕ್ಕಿಲ್ಲ. ಇಲ್ಲಿ ಬರೆದಿದ್ದೇನೆ, ಬೇಕಾದರೆ ಓದಿಕೊಳ್ಳಲಿ.