ವಿರೂಪಾಕ್ಷಪ್ಪನ ಹೊಟ್ಟೆಯ ಮದ್ದು

ಮುಂಡರಗಿಯ ನಮ್ಮ ಓಣಿಯಲ್ಲಿ ವಿರೂಪಾಕ್ಷಪ್ಪನಿಗೆ ಗೊತ್ತಿಲ್ಲದ ವಿಷಯ ಯಾವುದೂ ಇರಲಿಲ್ಲ. ಅವನದು ಪಾತ್ರೆ ಅಂಗಡಿ. ಕೊಡವನ್ನು ಬೆರಳಿನಿಂದ ಬಡಿದು ತಾಮ್ರ ಎಂಥದ್ದೆಂದು ಹೇಳುವಷ್ಟೇ ಸಲೀಸಾಗಿ, ಗಿರಾಕಿಯ ಮುಖ ನೋಡಿ ಅವನ ರೋಗ ಎಂಥದ್ದೆಂದೂ ಹೇಳುತ್ತಿದ್ದ. ಕೇಳದಿದ್ದರೂ ಹೇಳುತ್ತಿದ್ದ. "ಐವತ್ಮೂರು ವರ್ಷ ಆತು, ಒಂದ ಗುಳಿಗಿ ನುಂಗಿಲ್ಲ ನಾ" ಎಂಬುದು ಅವನ ದೊಡ್ಡಸ್ತಿಕೆ. ಎದುರಿಗೆ ನನ್ನ ಹೊಲಿಗೆ ಅಂಗಡಿ. ಯಂತ್ರ ಎಷ್ಟು ಸದ್ದು ಮಾಡಿದರೂ ಆ ಮಾತು ನನ್ನ ಕಿವಿಗೆ ಬೀಳದ ದಿನವಿರಲಿಲ್ಲ.

ಅವನ ಮನೆಗೆ ಗೋಡೆ ಹಚ್ಚಿಯೇ ತಮ್ಮ ವೀರುವಿನ ಮನೆ. ವೀರುವಿನ ಹೆಂಡತಿ ಶಿವರಂಜನಿ ಎಣ್ಣೆಗಾಯಿ ಮಾಡಿದ ದಿನ ಓಣಿಯಲ್ಲಿ ಯಾರಿಗೂ ತಮ್ಮ ಮನೆಯ ಪಲ್ಯ ರುಚಿಸುತ್ತಿರಲಿಲ್ಲ. ಬಸುರಿಯ ಕುಬಸವಿರಲಿ, ಗೃಹಪ್ರವೇಶವಿರಲಿ, ಒಲೆಯ ಮುಂದೆ ಅವಳೇ ಇರಬೇಕು. "ಶಿವರಂಜನಿ ಬಂದಾಳೇನು?" ಎಂದು ಕೇಳಿಕೊಂಡೇ ಜನ ಪಂಕ್ತಿಗೆ ಕೂರುತ್ತಿದ್ದರು. ಮಾತು ಕಡಿಮೆಯ ಆ ಹೆಣ್ಣುಮಗಳಿಗೆ ಇದ್ದ ಆಸ್ತಿ ಆ ಕೈರುಚಿಯ ಹೆಸರೊಂದೇ. ಅದನ್ನು ಕಳೆದವನು ಅವಳ ಭಾವ ವಿರೂಪಾಕ್ಷಪ್ಪ. ಜೊತೆಗಿದ್ದು ಸಹಾಯ ಮಾಡಿದವನು ನಾನು.

ಆದದ್ದು ಇಷ್ಟು. ದಸರೆಯ ಸಮಯದಲ್ಲಿ ವಿರೂಪಾಕ್ಷಪ್ಪ ತಮ್ಮನ ಮನೆಯಲ್ಲಿ ಎಣ್ಣೆಗಾಯಿ ಹಚ್ಚಿಕೊಂಡು ನಾಲ್ಕು ರೊಟ್ಟಿ ಹೊಡೆದು ಬಂದ. ಅರ್ಧ ತಾಸಿನಲ್ಲಿ ಅಂಗೈ ಕೆರೆತ, ಆಮೇಲೆ ಮೈತುಂಬ ದದ್ದು, ಆಮೇಲೆ ತುಟಿ ಊದಿ ಮಾತೇ ತೊದಲಿತು. ಓಣಿಯ ಹಿರಿಯಳು ಕಳಕವ್ವ ಒಂದೇ ನೋಟಕ್ಕೆ ತೀರ್ಪು ಕೊಟ್ಟಳು.

"ಬದನಿಕಾಯಿ ನಂಜ ಆಗೇತಿ. ಪಿತ್ತದ ಗಂಧಿ. ಕಂಬಳಿ ತರ್ರಿ."

ಕಂಬಳಿಯಿಂದ ಅವನ ಬೆನ್ನನ್ನು ಹಂಡೆ ತಿಕ್ಕಿದಂತೆ ತಿಕ್ಕಿದರು. ಚರ್ಮ ಕಿತ್ತುಬಂತು. ದದ್ದು ಬೆಳಗಾಗುವಷ್ಟರಲ್ಲಿ ತಾನಾಗಿಯೇ ಇಳಿಯಿತು, ಕೀರ್ತಿ ಕಂಬಳಿಗೆ ಹೋಯಿತು. ವಿರೂಪಾಕ್ಷಪ್ಪ ಅಂದಿನಿಂದ ಬದನೆಕಾಯಿ ಬಿಟ್ಟ. ಬಿಟ್ಟದ್ದನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಪಾಪ, ಬದನೆಕಾಯಿಗೆ ತನ್ನ ಪರವಾಗಿ ಮಾತಾಡುವ ಬಾಯಿಲ್ಲ.

ದೀಪಾವಳಿ ಕಳೆದು ವಾರವಾಗಿರಲಿಲ್ಲ, ಮತ್ತೆ ಅದೇ ಕೆರೆತ, ಅದೇ ದದ್ದು. ಅಂದು ಅವನು ಉಂಡದ್ದು ಹೆಂಡತಿ ರೇಣುಕವ್ವ ಬಡಿದ ಸಜ್ಜೆ ರೊಟ್ಟಿ, ಮೊಸರು. ಬದನೆಕಾಯಿಯ ಸುಳಿವೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಡಾಕ್ಟರ ಹತ್ತಿರ ಹೋಗುತ್ತಿದ್ದರು. ವಿರೂಪಾಕ್ಷಪ್ಪ ಬುದ್ಧಿವಂತ, ಆದ್ದರಿಂದ ವಿಚಾರ ಮಾಡಿದ.

"ಬದನಿಕಾಯಿ ಮುಟ್ಟಿಲ್ಲ, ಆದ್ರೂ ಬಂತು. ಅಂದ್ರ ಹೊಟ್ಯಾಗ ಏನೋ ಕುಂತೈತಿ. ಮೊದಲ ಸುರು ಆಗಿದ್ದು ಎಲ್ಲಿ? ವೀರುನ ಮನ್ಯಾಗ. ಉಣಾಕ ನೀಡಿದ್ದು ಯಾರು?"

ಉತ್ತರವನ್ನು ಅವನು ಹೇಳಲಿಲ್ಲ. ಕಳಕವ್ವ ಹೇಳಿದಳು: "ಮದ್ದ ಹಾಕ್ಯಾಳ."

ಊಟದಲ್ಲಿ ಮದ್ದು ಬೆರೆಸಿ ಮನುಷ್ಯನನ್ನು ಕೆಡಿಸುತ್ತಾರೆಂಬ ಮಾತು ನಮ್ಮ ಕಡೆ ಹುಟ್ಟುವುದು ಸುಲಭ, ಸಾಯುವುದು ಕಷ್ಟ. ಸಿಂಗಟಾಲೂರಿನ ದಾರಿಯಲ್ಲಿ ಮದ್ದು ತೆಗೆಯುವವನೊಬ್ಬನಿದ್ದಾನೆಂದು ಯಾರೋ ಅಂದರು. ವಿರೂಪಾಕ್ಷಪ್ಪನನ್ನು ನನ್ನ ಬೈಕಿನ ಹಿಂದೆ ಕೂರಿಸಿಕೊಂಡು ನಾನೇ ಹೋದೆ. ಮದ್ದು ತೆಗೆಯುವವನು ಏನೋ ಹಸಿರು ರಸ ಕುಡಿಸಿದ, ಇವನು ವಾಂತಿ ಮಾಡಿದ. ಅವನು ಕಡ್ಡಿಯಿಂದ ಕೆದರಿ ಕೂದಲಿನಂಥ ಒಂದು ಗಂಟನ್ನು ಎತ್ತಿ ತೋರಿಸಿದ. "ನೋಡ್ರಿ, ಇದ ಮದ್ದು." ನನ್ನ ಕಣ್ಣಿಗೆ ಅದು ಅವನೇ ಅರೆದು ಕುಡಿಸಿದ ಬೇರಿನ ನಾರಿನಂತೆ ಕಂಡಿತು. ಬಾಯಿ ಬಿಡಲಿಲ್ಲ. ಊರ ಉಸಾಬರಿ ನಮಗೇಕೆ ಅಂದುಕೊಂಡೆ. ಆ ಸುಮ್ಮನಿರುವಿಕೆಗೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಗಂಟು ಬಂತೆಂಬ ಸುದ್ದಿ ನಮಗಿಂತ ಮೊದಲು ಊರು ಮುಟ್ಟಿತ್ತು. ಮರುದಿನದಿಂದ ಶಿವರಂಜನಿ ನೀರು ಕೊಟ್ಟರೂ ಜನ "ಈಗ ಕುಡದ ಬಂದೇನವಾ" ಎನ್ನತೊಡಗಿದರು. ಕಾರ್ಯಗಳಿಗೆ ಕರೆ ನಿಂತಿತು. ವೀರು ಅಣ್ಣನ ಅಂಗಡಿಯ ಮುಂದೆ ನಿಂತು, "ನಿನ್ನ ನಾಲಿಗಿ ಬಿದ್ದ ಹೋಗ್ಲಿ" ಎಂದು ಕೂಗಿ ಹೋದ. ಶಿವರಂಜನಿ ಮಾತ್ರ ಏನೂ ಅನ್ನಲಿಲ್ಲ. ಅನ್ನದಿದ್ದದ್ದೂ ಸಾಕ್ಷಿಯಾಯಿತು. ತಪ್ಪಿಲ್ಲದವಳಾಗಿದ್ದರೆ ಸುಮ್ಮನಿರುತ್ತಿದ್ದಳೇ ಎಂದು ಕಳಕವ್ವ ಕೇಳಿದಳು.

ಡಿಸೆಂಬರಿನಲ್ಲಿ ಗದಗಿನಲ್ಲೊಂದು ಮದುವೆ. ಮದ್ದು ಹೊರಬಿದ್ದ ಮನುಷ್ಯನೆಂಬ ಧೈರ್ಯದಿಂದ ವಿರೂಪಾಕ್ಷಪ್ಪ ಎಳ್ಳು ಹೋಳಿಗೆಯನ್ನು ಒಂದರ ಮೇಲೊಂದು ಮೂರು ತಿಂದ. ಕೈ ತೊಳೆಯುವ ಮೊದಲೇ ಮುಖ ಕೆಂಪಾಯಿತು. "ಗಂಟಲ ಹಿಡದಂಗ ಆಗಾಕತ್ತೈತಿ" ಎಂದ ದನಿ ಅವನದಾಗಿರಲಿಲ್ಲ. ಎದ್ದು ನಿಂತವನು ಕಣ್ಣು ಕತ್ತಲೆ ಬಂದು ನನ್ನ ಮೇಲೆಯೇ ವಾಲಿದ. ಪುಣ್ಯಕ್ಕೆ ಆ ಮಂಟಪದಲ್ಲಿ ಕಂಬಳಿ ಇರಲಿಲ್ಲ. ಸೀದಾ ದವಾಖಾನೆಗೆ ಒಯ್ದೆವು.

ಡಾಕ್ಟರ್ ಶಕೀಲ ತೊಡೆಗೆ ಇಂಜೆಕ್ಷನ್ ಕೊಟ್ಟು, ಆಕ್ಸಿಜನ್ ಹಚ್ಚಿ, ಅವನ ಉಸಿರು ಸರಿಹೋದ ಮೇಲೆ ಸ್ಟೂಲು ಎಳೆದು ಕೂತರು. ಹಿಂದೆ ಹೀಗೆ ಎಷ್ಟು ಸಲ ಆಗಿತ್ತು, ಆಗ ಏನೇನು ಉಂಡಿದ್ದ ಎಂದು ಒಂದೊಂದಾಗಿ ಕೇಳಿದರು. ನಾನು ಹೇಳುತ್ತ ಹೋದೆ.

"ಎಣ್ಣೆಗಾಯಿಗೆ ಏನ್ ತುಂಬತಾರ?"

"ಶೇಂಗಾ, ಗುರೆಳ್ಳು, ಎಳ್ಳು..."

"ಸಜ್ಜಿ ರೊಟ್ಟಿಗೆ ಮ್ಯಾಲ ಏನ್ ಹಚ್ಚತಾರ?"

"ಎಳ್ಳು" ಅಂದು ನಾನು ಬಾಯಿ ಮುಚ್ಚಿದೆ. ಮಂಚದ ಮೇಲಿದ್ದವನು ಬಾಯಿ ತೆರೆದ. "ಹುಟ್ಟಿದಾಗಿಂದ ಎಳ್ಳು ತಿಂದೇನ್ರಿ ಡಾಕ್ಟರ್ ಬಾಯಾರ. ಈಗ ಹೆಂಗ ಆಗೂದಿಲ್ಲ?"

"ಶರೀರ ನಿಮ್ಮನ್ನ ಕೇಳಿ ಬದಲಾಗೂದಿಲ್ಲ ಯಜಮಾನರ. ಐವತ್ತಕ್ಕೂ ಸುರು ಆಗತೈತಿ, ಅರವತ್ತಕ್ಕೂ ಆಗತೈತಿ. ಒಂದೊಂದ ಸಲ ಬರೇ ಕೆರತ, ಒಂದೊಂದ ಸಲ ಜೀವಕ್ಕ ಬರತೈತಿ. ಹೋದ ಸಲ ಸಣ್ಣದಾತು ಅಂತ ಈ ಸಲ ನಂಬಬ್ಯಾಡ್ರಿ."

ಬರೀ ದದ್ದಾದರೆ ಗುಳಿಗೆ ನುಂಗಿ ಕಾದು ನೋಡಬೇಕು. ಗಂಟಲು ಬಿಗಿದರೆ, ದನಿ ಬದಲಾದರೆ, ಉಸಿರು ಕಟ್ಟಿದರೆ, ತಲೆ ತಿರುಗಿದರೆ ಗುಳಿಗೆಯ ಮುಖ ನೋಡದೆ ದವಾಖಾನೆಗೆ ಬರಬೇಕು. ಅಲ್ಲಿಯವರೆಗೆ ನಡೆಸಬಾರದು, ಕಾಲು ಎತ್ತರಕ್ಕಿಟ್ಟು ಮಲಗಿಸಬೇಕು, ಉಸಿರಾಟ ಕಷ್ಟವಾದರೆ ಆನಿಸಿ ಕೂರಿಸಬೇಕು. ಇಷ್ಟನ್ನೂ ಅವರು ಚೀಟಿಯಲ್ಲಿ ಬರೆದುಕೊಟ್ಟರು. ಆಮೇಲೆ ಹುಬ್ಬಳ್ಳಿಯಲ್ಲಿ ಮಾಡಿಸಿದ ಪರೀಕ್ಷೆಯೂ ಎಳ್ಳಿನ ಕಡೆಗೇ ಬೆರಳು ತೋರಿಸಿತು.

ವಿರೂಪಾಕ್ಷಪ್ಪ ಹದಿನೈದು ದಿನ ಯಾರಿಗೂ ರೋಗ ಹೇಳಲಿಲ್ಲ. ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಬಟ್ಟೆಯ ಗಂಟಿನ ಮೇಲೆ ಕೂತ. "ಆ ಹುಡುಗಿ ಎರಡು ತಿಂಗಳಿಂದ ಹೊಸ್ತಲಾ ದಾಟಿಲ್ಲಂತ. ರೇಣುಕಿ ಹೇಳಿದ್ಲು" ಅಂದ. ಕಣ್ಣಲ್ಲಿ ನೀರಿತ್ತು. ಅವನು ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ, ಇಬ್ಬರಿಗೂ ಮುಜುಗರವಾಯಿತು. ಸಂಕ್ರಾಂತಿಯ ದಿನ ಹೋಗಿ ತಪ್ಪೊಪ್ಪಿಕೊಳ್ಳುವುದೆಂದಾಯಿತು. ಮುರಿದ ಮನಸ್ಸು ಕೂಡುವುದಕ್ಕೆ ನಮ್ಮಲ್ಲಿ ಅದಕ್ಕಿಂತ ಒಳ್ಳೆಯ ದಿನವಿಲ್ಲ. ಆ ದಿನ ಕೈಗೆ ಏನು ಹಾಕುತ್ತಾರೆಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ ಅಂದರೆ ನೀವು ನಂಬಬೇಕು.

ಸಂಜೆ ಓಣಿಯೆಲ್ಲ ಕಟ್ಟೆಯ ಮೇಲಿತ್ತು. ವಿರೂಪಾಕ್ಷಪ್ಪ ವೀರುವಿನ ಬಾಗಿಲ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಅಂದ: "ತಂಗೀ, ನಂದು ತಪ್ಪಾತು. ನೀ ಏನೂ ಹಾಕಿದ್ದಿಲ್ಲ. ನನಗ ಎಳ್ಳು ಆಗೂದಿಲ್ಲಂತ, ಡಾಕ್ಟರು ಬರದ ಕೊಟ್ಟಾರ."

ಶಿವರಂಜನಿ ಒಳಗೆ ಹೋಗಿ ಬಟ್ಟಲು ತಂದಳು. ಎರಡು ತಿಂಗಳ ಮೇಲೆ ಅವಳ ಮುಖದಲ್ಲಿ ನಗು ಇತ್ತು. ರೂಢಿಯಿಂದ ಚಾಚಿದ ಕೈಯಲ್ಲಿ ಎಳ್ಳು ಬೆಲ್ಲವಿತ್ತು. ಚಾಚಿದ ಮೇಲೆ ಅವಳಿಗೂ ಅರ್ಥವಾಗಿ, ಕೈ ಹಿಂದೆ ಹೋಯಿತು. ಕಟ್ಟೆಯಿಂದ ಕಳಕವ್ವ ಅಂದಳು:

"ಎಳ್ಳಿಗೆ ಯಾರರ ಸತ್ತಾರೇನ್ ಲೇ? ಆಕಿ ಕೈಯಾಂದು ತಿನ್ನಾಕ ಇನ್ನೂ ಅಂಜಿಕಿ ಐತಿ ಅನ್ನು."

ಶಿವರಂಜನಿಯ ನಗು ಹೋಯಿತು. ನಾನು "ಬ್ಯಾಡ ವಿರೂಪಾಕ್ಷಣ್ಣ" ಅನ್ನುವಷ್ಟರಲ್ಲಿ ಅವನು ಬಟ್ಟಲಿಗೆ ಕೈ ಹಾಕಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡುಬಿಟ್ಟ. "ನೋಡ್ರಿ, ತಿಂದೆ" ಎಂದು ಓಣಿಯ ಕಡೆ ತಿರುಗಿದ. ಐವತ್ಮೂರು ವರ್ಷದಲ್ಲಿ ಅವನು ಮಾಡಿದ ಅತ್ಯಂತ ದೊಡ್ಡ ಮನಸ್ಸಿನ ಕೆಲಸ ಅದು, ಅಷ್ಟೇ ದೊಡ್ಡ ಮೂರ್ಖತನವೂ ಹೌದು.

ಹತ್ತು ನಿಮಿಷ ಹಿಡಿಯಲಿಲ್ಲ. ದನಿ ಒಡೆಯಿತು, ಕೊರಳು ಕೆಂಪಾಯಿತು. ಕಳಕವ್ವ ಕಂಬಳಿ ಹಿಡಿದು ಓಡಿಬಂದಳು. ಶಿವರಂಜನಿ ಅಡ್ಡ ನಿಂತು ಚೀರಿದಳು. "ಯಾರೂ ಮುಟ್ಟಬ್ಯಾಡ್ರಿ! ಗಾಡಿ ತರ್ರಿ ಮೊದಲ!" ಅವಳು ಗಟ್ಟಿಯಾಗಿ ಮಾತಾಡಿದ್ದನ್ನು ಓಣಿ ಅಂದೇ ಕೇಳಿದ್ದು. ಅವನ ಜೇಬಿನ ಚೀಟಿ ಓದಿ ಕಾಲ ಕೆಳಗೆ ದಿಂಬು ಇಟ್ಟಳು. ಆಟೋದಲ್ಲಿ ಭಾವನ ಕಾಲುಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ದವಾಖಾನೆ ಮುಟ್ಟಿಸಿದಳು. ಇಂಜೆಕ್ಷನ್ ಆಯಿತು. ಇಳಿದದ್ದು ತಿರುಗಿ ಏರಬಹುದೆಂದು ಮರುದಿನದವರೆಗೆ ಇಟ್ಟುಕೊಂಡರು. ಜೀವ ಉಳಿಯಿತು, ಅಣ್ಣ ತಮ್ಮ ಒಂದಾದರು.

ಇತ್ತ ಓಣಿ ತನ್ನ ಲೆಕ್ಕ ಮುಗಿಸಿತ್ತು. ಮೊದಲು ಸಂಶಯವಿತ್ತು, ಈಗ ಕಣ್ಣಾರೆ ಕಂಡಿದ್ದರು. ಅವಳ ಬಟ್ಟಲಿನಿಂದ ತಿಂದ, ಬಿದ್ದ. ಮೇಲಾಗಿ ಕಂಬಳಿ ಹಚ್ಚಲಿಕ್ಕೂ ಬಿಡಲಿಲ್ಲ. ಬೇರಿನ ನಾರಿನ ವಿಷಯವನ್ನು ನಾನು ಈಗ, ಬೇಕಾದ ಕಾಲ ಮುಗಿದ ಮೇಲೆ, ಹೇಳಿಕೊಂಡು ತಿರುಗಿದೆ. "ನೀನೂ ಆಕಿ ಮನ್ಯಾಗ ಚಾ ಕುಡದೀಯಲ್ಲ" ಎಂದು ಜನ ಕನಿಕರದಿಂದ ನೋಡಿದರು.

ವಿರೂಪಾಕ್ಷಪ್ಪ ಹಟಕ್ಕೆ ಬಿದ್ದ. ದಿನಾ ಮಧ್ಯಾಹ್ನ ಶಿವರಂಜನಿಯ ಮನೆಯ ಕಟ್ಟೆಯ ಮೇಲೆ, ಓಣಿಗೆ ಕಾಣುವಂತೆ ಕೂತು, ಎಳ್ಳಿಲ್ಲದ ಅವಳ ಅಡುಗೆ ಉಂಡ. ಒಂದು ದದ್ದೂ ಏಳಲಿಲ್ಲ. ಇಪ್ಪತ್ತನೆಯ ದಿನ ಕಳಕವ್ವ ಅವನೆದುರೇ ನಿಂತು, ಸೋತವಳಂತೆ ಗಲ್ಲಕ್ಕೆ ಕೈ ಹಚ್ಚಿಕೊಂಡಳು.

"ನಂದ ತಪ್ಪು ನೋಡ. ಕೊಲ್ಲೂ ಮದ್ದಲ್ಲ ಇದು, ಒಲಿಸಿಕೊಳ್ಳೂ ಮದ್ದು. ಹೆಂಗ ಹತ್ತೇತಿ ನೋಡ್ರಿ, ದಿನಾ ಇಲ್ಲೇ ಉಣ್ಣಾಕತ್ತಾನ."

ವಿರೂಪಾಕ್ಷಪ್ಪ ತಟ್ಟೆ ಪಕ್ಕಕ್ಕೆ ಸರಿಸಿದ. ಬಾಗಿಲ ಕಡೆ ನೋಡಿ ಸಣ್ಣಗೆ ಅಂದ, "ನಾಳಿಂದ ಬರೂದಿಲ್ಲವಾ ತಂಗಿ."

"ಬಿಟ್ರ, ಯಾರೋ ಮದ್ದು ಇಳಿಸ್ಯಾರ ಅಂತಾರ ಭಾವಾರ" ಅಂದಳು ಶಿವರಂಜನಿ. "ಉಣ್ಣರಿ. ರೊಟ್ಟಿ ಆರತಾವ."

ಆ ವಾರ ಕಳಕವ್ವನ ಮೊಮ್ಮಗಳ ಕುಬಸವಿತ್ತು. ಅಡುಗೆಗೆ ಲಕ್ಷ್ಮೇಶ್ವರದಿಂದ ಜನ ಬಂದರು.