ಬೆಳಕಿಗೆ ಅಡ್ಡ ಇಟ್ಟ ತಗಡು

ಸಂಜೆ ತರಗತಿಗಳಲ್ಲಿ ಓದಿ, ಪ್ರಯೋಗಾಲಯದ ಪಂಪು-ಕೊಳವೆಗಳನ್ನು ನೋಡಿಕೊಳ್ಳುವ ನಾನು, ವಿದ್ವಾಂಸರ ಈ ಅಭಿನಂದನಾ ಸಂಪುಟದಲ್ಲಿ, ಪ್ರಯೋಗಾಲಯವನ್ನು ನಡೆಸಿ ನಿವೃತ್ತರಾದ ನಮ್ಮ ಮೇಡಂ ಕುರಿತು ಬರೆಯಹೊರಟದ್ದು ಅಧಿಕಪ್ರಸಂಗವೇ ಸರಿ. ತಪ್ಪಿದ್ದರೆ ಬಲ್ಲವರು ತಿದ್ದಿಕೊಂಡು ಓದಬೇಕು.

ಕಣ್ಣೆವೆ ಮಿಟುಕುವುದೇ ಒಂದು ಯುಗವೆನಿಸುವಷ್ಟು ಕಿರಿದಾದ ಎಕ್ಸ್-ರೇ ಮಿಂಚುಗಳಿಂದ ಅಣುಗಳ ಚಲನೆಯನ್ನು ಸೆರೆಹಿಡಿಯುವವರಲ್ಲಿ ಮೇಡಂ ಮೊದಲ ಸಾಲಿನವರು. ಲೇಸರ್ ಬೆಳಕು ಅಣುವನ್ನು ತಟ್ಟಿ ಎಬ್ಬಿಸುತ್ತದೆ. ಬೆನ್ನಿಗೇ ಬರುವ ಎಕ್ಸ್-ರೇ ಅದರ ಚಿತ್ರ ತೆಗೆಯುತ್ತದೆ. ಅಂಥ ಅಸಂಖ್ಯ ಚಿತ್ರಗಳನ್ನು ಜೋಡಿಸಿದರೆ ಒಂದು ಚಲನಚಿತ್ರ. ಅಣುಗಳಿರುವ ದ್ರಾವಣವನ್ನು ಕೂದಲೆಳೆಯಂಥ ಧಾರೆಯಾಗಿ ಬೀಳಿಸುವುದು ನನ್ನ ಕೆಲಸ.

ಸೇರಿದ ಹೊಸತರಲ್ಲಿ, ಕೊಳವೆ ಕಟ್ಟಿಕೊಂಡು ಧಾರೆ ನಿಂತಾಗಲೆಲ್ಲ ನಾನು ಗಾಬರಿಯಲ್ಲಿ ಸರಿಯಿದ್ದ ಕೊಳವೆಗಳನ್ನೂ ಬಿಚ್ಚಿಹಾಕುತ್ತಿದ್ದೆ. ಮೇಡಂ ಬೈಯುತ್ತಿರಲಿಲ್ಲ, ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು, ಧಾರೆ ಮತ್ತೆ ಬೀಳುವವರೆಗೂ ಮೊಮ್ಮಗಳ ತುಂಟತನ ಹೇಳುತ್ತ ಕೂರುತ್ತಿದ್ದರು. ನನ್ನ ಪರೀಕ್ಷೆಯ ಸಂಜೆಗಳಲ್ಲಿ ಪಂಪನ್ನು ತಾವೇ ನೋಡಿಕೊಂಡರು.

ಅವರದೊಂದು ರೂಢಿಯಿತ್ತು. ಫಲಿತಾಂಶ ಎಷ್ಟೇ ಚೆನ್ನಾಗಿ ಬರಲಿ, ಲೇಸರಿಗೆ ಒಂದು ಕರಿ ತಗಡನ್ನು ಅಡ್ಡ ಇಟ್ಟು ಎಲ್ಲವನ್ನೂ ಮತ್ತೊಮ್ಮೆ ಮಾಡಿಸುವರು. ಬೆಳಕು ತಟ್ಟದ ಅಣು ಚಿತ್ರದಲ್ಲಿ ಅಲುಗಬಾರದು. ಎಲ್ಲದರಲ್ಲೂ ಹುಳುಕು ಹುಡುಕುವ ಆ ತಗಡಿಗೆ ನಾವಿಟ್ಟ ಹೆಸರು ‘ಅತ್ತೆ’.

ಕಳೆದ ವರ್ಷ ಮೇಡಂ ಅವರ ಸೇವೆಯ ಕೊನೆಯ ಪ್ರಯೋಗ. ಅಣುವಿನೊಳಗಿನ ಪರಮಾಣುಗಳ ಉಂಗುರವೊಂದು ಬಿಚ್ಚಿಕೊಳ್ಳುವುದು ತೆರೆಯ ಮೇಲೆ ಹೂವರಳಿದಂತೆ ಕಂಡಿತು. ಅದು ಅವರು ವೃತ್ತಿಜೀವನವಿಡೀ ಕಾದಿದ್ದ ದೃಶ್ಯ. ಹಲವು ತಂಡಗಳು ಸರದಿಯಲ್ಲಿ ಬಳಸುವ ಎಕ್ಸ್-ರೇ ಯಂತ್ರ ನಮ್ಮ ಪಾಲಿಗಿದ್ದದ್ದು ಇನ್ನೊಂದೇ ದಿನ.

“ಮೇಡಂ, ಇವತ್ತೊಂದಿನ ಅತ್ತೆ ಬೇಡ. ಇರೋ ಟೈಮಲ್ಲಿ ಇನ್ನಷ್ಟು ಚಿತ್ರ ತಗೊಳ್ಳೋಣ,” ಎಂದರು ಜೊತೆಗಿದ್ದ ಸಂಶೋಧಕಿ.

“ನಾನೇ ಇಬ್ಬರು ಸೊಸೆಯರಿಗೆ ಅತ್ತೆ ಕಣಮ್ಮ, ನಂಗ್ಯಾಕೆ ಭಯ? ಇಡು ಅದನ್ನ.”

ಇಟ್ಟೆವು. ಬೆಳಕಿಲ್ಲದೆಯೂ ಉಂಗುರ ಬಿಚ್ಚಿಕೊಂಡಂತೆಯೇ ತೋರಿತು! ಚಿತ್ರಗಳನ್ನು ಒಂದಾದ ಮೇಲೊಂದು ಕ್ರಮವಾಗಿ ತೆಗೆಯುತ್ತ ಹೋದಂತೆ ಕೋಣೆ ಬಿಸಿಯೇರಿ ಧಾರೆ ಸರಿಯುತ್ತಿತ್ತು. ಉಂಗುರ ಬಿಚ್ಚಿಕೊಂಡಿತೆಂದು ನಾವು ಕಂಡದ್ದು ಧಾರೆ ಸರಿದದ್ದನ್ನೇ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಳ್ಳಲು ತುಸು ಹೊತ್ತೇ ಹಿಡಿಯಿತು. ಆಮೇಲೆ ನನ್ನತ್ತ ತಿರುಗಿದರು.

“ಮುಖ ಸಪ್ಪಗೆ ಮಾಡ್ಕೋಬೇಡಪ್ಪ. ಕೋಣೆ ಬೆವರಿದ್ರೆ ನೀನೇನ್ ಮಾಡ್ತೀಯ? ನಡಿ, ಈ ಸಲ ಕ್ರಮ ಕಲಸಿ, ಹಿಂದುಮುಂದಾಗಿ ತೆಗೆಯೋಣ. ಆಗ ಧಾರೆ ಸರಿದ್ರೂ ಅದು ಅಣುವಿನ ಚಲನೆ ಥರ ಕಾಣಲ್ಲ.”

ಉಳಿದ ಆ ಒಂದು ದಿನದಲ್ಲಿ ಸಿಕ್ಕಿದ್ದು ಮಸುಕು ಚಿತ್ರ. ಆದರೆ ಅತ್ತೆ ಒಪ್ಪಿದ ಚಿತ್ರ: ಮೊದಲು ಮುಚ್ಚಿದ ಉಂಗುರ, ಕೊನೆಗೆ ತೆರೆದ ಉಂಗುರ. ನಡುವಿನದು ಕಾಣಲಿಲ್ಲ. ಕಾಣಲಿಲ್ಲವೆಂದೇ ಮೇಡಂ ವರದಿಯಲ್ಲಿ ಬರೆದರು.

ಅವರ ಸ್ಟೂಲನ್ನು ಯಾರೂ ಕದಲಿಸದಂತೆ ನಾನು ನೋಡಿಕೊಂಡಿದ್ದೇನೆ. ಬಂದು ಕೂತು ನಮ್ಮನ್ನು ತಿದ್ದುವಷ್ಟು ಆಯುಷ್ಯ, ಕಣ್ಣಿನ ಶಕ್ತಿ, ಮಾತಿನ ಹುರುಪು ಅವರಿಗೆ ಬಹುಕಾಲ ಇರಲಿ. ಆ ಉಂಗುರ ಹೇಗೆ ಬಿಚ್ಚಿಕೊಂಡಿತೋ, ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.